ಹೊಡೆಯುವ ಪುಟ್ಟ ಕೈ: ಮನೆಯ ಪಾಲು, ಒಡನಾಡಿಗಳ ಪಾಲು

ಕಳೆದ ಶ್ರಾವಣದಲ್ಲಿ ತಾಯಿಯೊಬ್ಬರು ಮೂರು ವರ್ಷದ ಮಗನನ್ನೂ ಎಂಟು ತಿಂಗಳ ಮಗಳನ್ನೂ ಕರೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಇಬ್ಬರಿಗೂ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಹಸುಗೂಸಿನ ತೋಳಿನ ಮೇಲೆ ಹಲ್ಲಿನ ಗುರುತುಗಳಿದ್ದವು. ಅವನ್ನು ತೋರಿಸುವಾಗ ಆ ತಾಯಿ ತಲೆಯೆತ್ತಲಿಲ್ಲ. ಮಗ ತಂಗಿಯನ್ನು ಕಚ್ಚುತ್ತಾನೆ, ಅಂಗನವಾಡಿಯಲ್ಲಿ ಜೊತೆಯ ಮಕ್ಕಳನ್ನು ತಳ್ಳುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ ಎಂದರು. ಮನೆಯ ಹಿರಿಯರು ಇದು ಸೋದರಮಾವನ ರಕ್ತ ಎನ್ನುತ್ತಾರಂತೆ. ನೆರೆಯವರು ಅಂಗನವಾಡಿಯಲ್ಲಿ ಕಲಿತು ಬಂದದ್ದು ಎನ್ನುತ್ತಾರಂತೆ. ಕೊನೆಗೆ ಆಕೆ ಕೇಳಿದ ಪ್ರಶ್ನೆ ಒಂದೇ: “ಇವನು ಮುಂದೆಯೂ ಹೀಗೆಯೇ ಆಗಿಬಿಡುತ್ತಾನೆಯೇ?”

ಇಂತಹ ಪ್ರಶ್ನೆಯನ್ನು ಹೊತ್ತು ಬರುವ ತಾಯ್ತಂದೆಗಳ ಸಂಖ್ಯೆ ಕಡಿಮೆಯೇನಲ್ಲ. ನಾಚಿಕೆಯಿಂದ ಕೇಳದೆ ಉಳಿದವರು ಅವರಿಗಿಂತ ಹೆಚ್ಚು. ಆದುದರಿಂದ ಈ ಸಂಚಿಕೆಯಲ್ಲಿ ಒಂದರಿಂದ ಆರು ವರ್ಷದೊಳಗಿನ ಮಕ್ಕಳ ಹೊಡೆತ, ಕಚ್ಚುವಿಕೆ, ಒದೆತ, ತಳ್ಳಾಟಗಳ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡಬೇಕೆಂದಿದ್ದೇವೆ. ಬೈಗುಳ, ಹಟ, ಮುನಿಸುಗಳು ಬೇರೆಯ ವಿಷಯ; ಇಲ್ಲಿ ನಮ್ಮ ಗಮನವಿರುವುದು ಇನ್ನೊಬ್ಬರ ಮೈಗೆ ನೋವುಂಟುಮಾಡುವ ನಡೆಯ ಕಡೆಗೆ ಮಾತ್ರ.

ಕಲಿತದ್ದೇ, ಹುಟ್ಟಿನಿಂದ ಬಂದದ್ದೇ?

ಮಗು ಹೊಡೆಯುವುದನ್ನು ನೋಡಿ ಕಲಿಯುತ್ತದೆ ಎಂಬ ನಂಬಿಕೆಗೆ ಬಲವಾದ ಆಧಾರವೊಂದಿದೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಹಾಗೂ ಅವರ ಸಂಗಡಿಗರು ಮೂರರಿಂದ ಆರು ವರ್ಷದೊಳಗಿನ 72 ಮಕ್ಕಳನ್ನು ಒಂದು ಪ್ರಯೋಗಕ್ಕೆ ಒಳಪಡಿಸಿದರು. ಗಾಳಿ ತುಂಬಿದ, ತಳ್ಳಿದರೆ ಮತ್ತೆ ಎದ್ದು ನಿಲ್ಲುವ ದೊಡ್ಡ ಗೊಂಬೆಯೊಂದನ್ನು ವಯಸ್ಕರೊಬ್ಬರು ಗುದ್ದುತ್ತ, ಒದೆಯುತ್ತ, ಮರದ ಸುತ್ತಿಗೆಯಿಂದ ಬಡಿಯುತ್ತಿರುವುದನ್ನು ಕೆಲವು ಮಕ್ಕಳಿಗೆ ತೋರಿಸಲಾಯಿತು. ಇನ್ನು ಕೆಲವು ಮಕ್ಕಳ ಎದುರಿನಲ್ಲಿ ಅದೇ ವಯಸ್ಕರು ಗೊಂಬೆಯ ಗೊಡವೆಗೆ ಹೋಗದೆ ಶಾಂತವಾಗಿ ಆಟವಾಡಿದರು. ಉಳಿದವರಿಗೆ ಏನನ್ನೂ ತೋರಿಸಲಿಲ್ಲ. ಅನಂತರ ಒಬ್ಬೊಬ್ಬರನ್ನೇ ಆ ಗೊಂಬೆಯಿದ್ದ ಕೋಣೆಗೆ ಬಿಟ್ಟಾಗ, ಹೊಡೆತವನ್ನು ಕಂಡಿದ್ದ ಮಕ್ಕಳು ಅದೇ ಭಂಗಿಯಲ್ಲಿ, ಅದೇ ಮಾತುಗಳನ್ನಾಡುತ್ತ ಗೊಂಬೆಯನ್ನು ಬಡಿದರು. ಎರಡು ವರ್ಷಗಳ ತರುವಾಯ ಚಲನಚಿತ್ರದಲ್ಲಿ ತೋರಿಸಿ ನೋಡಿದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಅಂಗೈಯಲ್ಲಿ ಮೊಬೈಲನ್ನು ಹಿಡಿದ ಮಗುವಿರುವ ಮನೆಯವರು ಇದನ್ನು ಮರೆಯಲಾಗದು.

ಆದರೆ ಈ ಪ್ರಯೋಗದಿಂದ ಜನರು ಅಗತ್ಯಕ್ಕಿಂತ ದೊಡ್ಡ ತೀರ್ಮಾನವೊಂದನ್ನು ತೆಗೆದರು. ಮಗುವಿನ ಮನಸ್ಸು ಖಾಲಿ ಹಲಗೆ. ಯಾರೋ ಕೆಟ್ಟವರು ಬರೆಯುವ ತನಕ ಅದರಲ್ಲಿ ಹೊಡೆತವಿರುವುದಿಲ್ಲ ಎಂಬುದು ಆ ತೀರ್ಮಾನ. ಇದನ್ನು ತಲೆಕೆಳಗು ಮಾಡಿದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನಡೆದ ಸುದೀರ್ಘ ಅಧ್ಯಯನ.

ಮಾಂಟ್ರಿಯಲ್ಲಿನ ಮಕ್ಕಳು

1984ರಲ್ಲಿ ರಿಚರ್ಡ್ ಟ್ರೆಂಬ್ಲೆ ಎಂಬ ವಿದ್ವಾಂಸರು ಆ ನಗರದ ಬಡ ಬಡಾವಣೆಗಳ ಶಿಶುವಿಹಾರಗಳಲ್ಲಿದ್ದ 1,037 ಬಾಲಕರನ್ನು ಆರಿಸಿಕೊಂಡು ವರ್ಷಾನುವರ್ಷ ಅನುಸರಿಸತೊಡಗಿದರು. ಹುಡುಗರು ಬೆಳೆಯುತ್ತ, ಕೆಟ್ಟ ಗೆಳೆಯರ ಸಹವಾಸಕ್ಕೆ ಬಿದ್ದು, ಯಾವ ವಯಸ್ಸಿನಲ್ಲಿ ಹೊಡೆದಾಟಕ್ಕೆ ಇಳಿಯುತ್ತಾರೆ ಎಂಬುದು ಆಗಿನ ಕಾಲದ ಸಹಜ ಪ್ರಶ್ನೆಯಾಗಿತ್ತು. ಕಂಡದ್ದು ಬೇರೆ. ಆರನೆಯ ವಯಸ್ಸಿನಿಂದ ಹದಿನೈದರ ತನಕ ನೋಡಿದರೆ ಬಹುತೇಕ ಹುಡುಗರಲ್ಲಿ ಹೊಡೆದಾಟ ಕಡಿಮೆಯಾಗುತ್ತಲೇ ಹೋಗಿತ್ತು. ನೂರಕ್ಕೆ ಸುಮಾರು ನಾಲ್ವರು ಮಾತ್ರ ಉದ್ದಕ್ಕೂ ಹೊಡೆದಾಟದಲ್ಲಿಯೇ ಉಳಿದಿದ್ದರು. ಅವರು ಆರನೆಯ ವಯಸ್ಸಿನಲ್ಲಿಯೂ ಹಾಗೆಯೇ ಇದ್ದವರು. ಮೊದಲು ಸೌಮ್ಯರಾಗಿದ್ದು ಆಮೇಲೆ ಹೊಡೆದಾಟವನ್ನು ಹೊಸದಾಗಿ ಆರಂಭಿಸಿ ಅದರಲ್ಲಿಯೇ ನಿಂತವರ ಗುಂಪು ಕಾಣಿಸಲೇ ಇಲ್ಲ. ಅಂದರೆ ಆರಂಭವನ್ನು ಹುಡುಕಲು ಹೊರಟವರು ತಡವಾಗಿ ಬಂದಿದ್ದರು. ಆರನೆಯ ವಯಸ್ಸಿಗೆ ಕಥೆಯ ಮೊದಲ ಭಾಗ ಮುಗಿದೇ ಹೋಗಿತ್ತು.

ಆದುದರಿಂದ ಅವರು ಹಿಂದಕ್ಕೆ ನಡೆದು ತೊಟ್ಟಿಲ ಬಳಿಗೆ ಹೋದರು. ಕ್ವಿಬೆಕ್ ಪ್ರಾಂತ್ಯದ 572 ಕುಟುಂಬಗಳ ಶಿಶುಗಳನ್ನು ಐದನೆಯ ತಿಂಗಳಿನಿಂದ ನಲವತ್ತೆರಡನೆಯ ತಿಂಗಳಿನವರೆಗೆ ಅನುಸರಿಸಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ ಸುಮಾರು 28 ಮಕ್ಕಳು ಬಹುಮಟ್ಟಿಗೆ ಹೊಡೆಯಲೇ ಇಲ್ಲ. ಸುಮಾರು 58 ಮಕ್ಕಳಲ್ಲಿ ಹೊಡೆತ ಸಾಧಾರಣ ಪ್ರಮಾಣದಲ್ಲಿ ಏರುತ್ತ ಹೋಯಿತು. ಉಳಿದ ಸುಮಾರು 14 ಮಕ್ಕಳಲ್ಲಿ ಅದು ಬೇಗನೆ ಏರಿ ಉನ್ನತ ಮಟ್ಟ ತಲುಪಿತು. ಇಂತಹ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮನುಷ್ಯನ ಆಯುಷ್ಯದಲ್ಲಿ ಕೈಯಿಂದ ಹೊಡೆಯುವುದು ಅತಿ ಹೆಚ್ಚಾಗಿರುವ ಕಾಲ ಯೌವನವಲ್ಲ, ಎರಡರಿಂದ ನಾಲ್ಕು ವರ್ಷದ ನಡುವಿನ ಕಾಲ ಎಂಬುದು ಸ್ಪಷ್ಟವಾಯಿತು. ಆ ವಯಸ್ಸಿನ ಮಗುವಿನ ಕೈಗೆ ಬಲವಿಲ್ಲದ್ದರಿಂದ ನಮಗೆ ಅದು ಭಯಂಕರವೆನಿಸುವುದಿಲ್ಲ, ಅಷ್ಟೆ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ವರ್ಷ ತುಂಬುವ ಹೊತ್ತಿಗೆ ಕಾಲು ಬರುತ್ತದೆ. ಬೇಕಾದ ವಸ್ತುವಿನ ಬಳಿಗೆ ಮಗು ತಾನೇ ಹೋಗಬಲ್ಲುದು. ಅಲ್ಲಿ ಇನ್ನೊಂದು ಮಗುವೂ ಅದನ್ನೇ ಹಿಡಿದಿರುತ್ತದೆ. “ನನಗೆ ಕೊಡು” ಎಂದು ಹೇಳುವ ಮಾತು ಇನ್ನೂ ಬಂದಿರುವುದಿಲ್ಲ. ತಡೆದುಕೊಳ್ಳುವ ಶಕ್ತಿಯನ್ನು ಕೊಡುವ ಮಿದುಳಿನ ಮುಂಭಾಗ ಬಲಿಯಲು ಇನ್ನೂ ಎಷ್ಟೋ ವರ್ಷಗಳು ಬೇಕು. ಕಾಲು ಬಂದು ಮಾತು ಬಾರದ ಈ ಮಧ್ಯಂತರದಲ್ಲಿ ಕೈ ಮಾತನಾಡುತ್ತದೆ. ಮಾಂಟ್ರಿಯಲ್ಲಿನ ಬಳಗವೇ ಹತ್ತೊಂಬತ್ತು ತಿಂಗಳ ಅವಳಿ ಮಕ್ಕಳನ್ನು ಪರೀಕ್ಷಿಸಿ, ಪದಗಳು ಕಡಿಮೆಯಿದ್ದ ಮಕ್ಕಳಲ್ಲಿ ಹೊಡೆತ ಕೊಂಚ ಹೆಚ್ಚಿರುವುದನ್ನು 2003ರಲ್ಲಿ ತೋರಿಸಿದೆ. ಆ ಅವಳಿಗಳ ಅಧ್ಯಯನದಲ್ಲಿ ಆನುವಂಶಿಕತೆಗೂ ಗಣನೀಯ ಪಾಲಿರುವುದು ಕಂಡುಬಂದಿತು. ಹಾಗಾಗಿ “ಸೋದರಮಾವನ ರಕ್ತ” ಎನ್ನುವ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ಒಂದು ಮಗು ಬೇಗ ಸಿಡಿಯುವ ಸ್ವಭಾವದಿಂದ ಹುಟ್ಟಿದೆ ಎಂಬುದಕ್ಕೂ ಅದು ದೊಡ್ಡವನಾಗಿ ಹೊಡೆಯುತ್ತಾನೆ ಎಂಬುದಕ್ಕೂ ನಡುವೆ ಬಹಳ ದಾರಿಯಿದೆ.

ಪ್ರಶ್ನೆಯೇ ಈಗ ಬದಲಾಯಿತು. ಮಗು ಹೊಡೆಯುವುದನ್ನು ಎಲ್ಲಿ ಕಲಿಯಿತು ಎಂದು ಕೇಳುವುದಕ್ಕಿಂತ, ಹೊಡೆಯದಿರುವುದನ್ನು ಅದಕ್ಕೆ ಯಾರು ಕಲಿಸುತ್ತಾರೆ, ಆ ಕಲಿಕೆಗೆ ಯಾವುದು ಅಡ್ಡ ಬರುತ್ತದೆ ಎಂದು ಕೇಳಬೇಕಾಗಿದೆ.

ಮನೆಯೊಳಗೆ ನಡೆಯುವುದು

2004ರ ಆ ಅಧ್ಯಯನದಲ್ಲಿ ಬೇಗನೆ ಏರಿದ 14 ಮಕ್ಕಳ ಗುಂಪಿನ ಮನೆಗಳಲ್ಲಿ ಕೆಲವು ಸಂಗತಿಗಳು ಹೆಚ್ಚಾಗಿ ಕಂಡವು: ಮನೆಯಲ್ಲಿ ಇನ್ನೊಂದು ಎಳೆಯ ಮಗುವಿರುವುದು, ತಾಯಿ ಚಿಕ್ಕ ವಯಸ್ಸಿನಲ್ಲಿಯೇ ತಾಯಿಯಾಗಿರುವುದು, ಆಕೆಯ ಶಾಲಾದಿನಗಳಲ್ಲಿಯೇ ಪುಂಡತನದ ಚರಿತ್ರೆಯಿರುವುದು, ಗರ್ಭಿಣಿಯಾಗಿದ್ದಾಗ ಧೂಮಪಾನ, ಬಡತನ, ಮಗು ಐದು ತಿಂಗಳದ್ದಾಗಿರುವಾಗಲೇ ಗದರಿಕೆ ಹೊಡೆತಗಳ ಪಾಲನೆ, ಮನೆಮಂದಿಯ ನಡುವೆ ಹೊಂದಾಣಿಕೆ ಇಲ್ಲದಿರುವುದು. ಇವೆಲ್ಲ ಸಂಭವವನ್ನು ಹೆಚ್ಚಿಸುವ ಸಂಗತಿಗಳೇ ಹೊರತು ವಿಧಿಯ ಬರಹವಲ್ಲ. ಪಟ್ಟಿಯಲ್ಲಿ ತಾಯಿಯ ಹೆಸರೇ ಮತ್ತೆ ಮತ್ತೆ ಬರುವುದನ್ನು ಕಂಡು ಮನೆಯ ಗಂಡಸರು ನಿಟ್ಟುಸಿರು ಬಿಡುವ ಅಗತ್ಯವಿಲ್ಲ. ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಹೆಚ್ಚಾಗಿ ತಾಯಂದಿರಾದ್ದರಿಂದ ಅವರ ಬದುಕೇ ಹೆಚ್ಚು ದಾಖಲಾಗಿದೆ. ಮನೆಯಲ್ಲಿ ಜಗಳವೆಬ್ಬಿಸಲು ಒಬ್ಬರಿಗಿಂತ ಹೆಚ್ಚು ಜನ ಬೇಕು ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಇಂತಹ ಪಟ್ಟಿ ಯಾರು ಅಪಾಯದಲ್ಲಿದ್ದಾರೆ ಎಂದು ಹೇಳುತ್ತದೆ, ಹೇಗೆ ಎಂದು ಹೇಳುವುದಿಲ್ಲ. ಹೇಗೆ ಎಂಬುದನ್ನು ಬಿಡಿಸಿ ತೋರಿಸಿದವರು ಅಮೆರಿಕದ ಆರೆಗಾನ್ ರಾಜ್ಯದ ಜೆರಾಲ್ಡ್ ಪ್ಯಾಟರ್ಸನ್. ಇವರು ಮನೆಗಳಿಗೇ ವೀಕ್ಷಕರನ್ನು ಕಳುಹಿಸಿ, ತಾಯ್ತಂದೆ ಮಕ್ಕಳ ನಡುವೆ ಯಾವುದರ ಹಿಂದೆ ಯಾವುದು ನಡೆಯುತ್ತದೆ ಎಂಬುದನ್ನು ಕ್ಷಣಕ್ಷಣವೂ ಬರೆಸಿದರು. 1982ರ ತಮ್ಮ ಗ್ರಂಥದಲ್ಲಿ ಅವರು ನಿರೂಪಿಸಿದ ಸಂಗತಿಯನ್ನು ನಮ್ಮ ಜಾತ್ರೆಯ ಅಂಗಡಿ ಸಾಲಿನಲ್ಲಿ ಯಾರಾದರೂ ನೋಡಬಹುದು. ಮಗು ಪೀಪಿ ಬೇಕೆನ್ನುತ್ತದೆ, ತಂದೆ ಬೇಡವೆನ್ನುತ್ತಾನೆ. ಮಗು ಅಳುತ್ತದೆ, ತಂದೆ ಗದರುತ್ತಾನೆ. ಮಗು ನೆಲಕ್ಕೆ ಬಿದ್ದು ಒದೆಯುತ್ತದೆ, ಎತ್ತಿಕೊಳ್ಳಲು ಬಂದವನ ಮುಖಕ್ಕೆ ಹೊಡೆಯುತ್ತದೆ. ಸುತ್ತಲಿನವರು ನೋಡುತ್ತಿದ್ದಾರೆ. “ಹೋಗಲಿ, ಕೊಡಿಸಿಬಿಡು” ಎಂದು ಯಾರೋ ಅನ್ನುತ್ತಾರೆ, ಪೀಪಿ ಬರುತ್ತದೆ, ಅಳು ನಿಲ್ಲುತ್ತದೆ.

ಈ ವ್ಯವಹಾರದಲ್ಲಿ ಇಬ್ಬರಿಗೂ ಲಾಭವಾಯಿತು ಎಂಬುದೇ ಪ್ಯಾಟರ್ಸನ್ನರ ಒಳನೋಟ. ಮಗುವಿಗೆ ಪೀಪಿ ಸಿಕ್ಕಿತು. ಅಳು ಸಾಲದಾದಾಗ ಹೊಡೆತ ಫಲ ಕೊಡುತ್ತದೆ ಎಂಬುದು ಅದಕ್ಕೆ ತಿಳಿಯಿತು. ತಂದೆಗೆ ಗದ್ದಲದಿಂದ ಬಿಡುಗಡೆ ಸಿಕ್ಕಿತು. ಸೋತರೆ ಶಾಂತಿ ಸಿಗುತ್ತದೆ ಎಂಬುದನ್ನು ಅವನೂ ಕಲಿತ. ಮುಂದಿನ ಬಾರಿ ಮಗು ಹೊಡೆತದ ಮೆಟ್ಟಿಲಿಗೆ ಬೇಗ ಏರುತ್ತದೆ, ತಂದೆ ಬೇಗ ಸೋಲುತ್ತಾನೆ. ಇನ್ನೊಂದು ದಿನ ಅವನ ತಾಳ್ಮೆ ಕೆಟ್ಟಿರುತ್ತದೆ; ಬಲವಾಗಿ ಬಾರಿಸುತ್ತಾನೆ. ಮಗು ಬೆದರಿ ಸುಮ್ಮನಾಗುತ್ತದೆ. ಆಗ ತಂದೆಗೆ ತನ್ನ ಹೊಡೆತ ಫಲ ಕೊಟ್ಟಂತೆ ತೋರುತ್ತದೆ. ಒಂದು ದಿನ ಸೋಲು, ಒಂದು ದಿನ ಏಟು: ಈ ಎರಡರ ನಡುವೆ ತೂಗಾಡುವ ಮನೆಯಲ್ಲಿ ಮಗು ಕಲಿಯುವ ಪಾಠ ಒಂದೇ. ಜೋರಾಗಿರುವವನು ಗೆಲ್ಲುತ್ತಾನೆ.

ನಮ್ಮ ಬಳಿಗೆ ಬಂದಿದ್ದ ಆ ತಾಯಿಯನ್ನು, ಹುಡುಗ ಕಚ್ಚಿದ ಅನಂತರದ ಒಂದು ನಿಮಿಷದಲ್ಲಿ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ವಿಚಾರಿಸಿದೆವು. ಆಕೆ ಯೋಚಿಸಿ ಹೇಳಿದರು. ತಂಗಿಗೆ ಹಾಲುಣಿಸಲು ಕುಳಿತಾಗಲೇ ಅವನು ಬರುತ್ತಾನೆ. ಸೆರಗು ಎಳೆಯುತ್ತಾನೆ, ಆಕೆ ತಳ್ಳುತ್ತಾರೆ. ಕಚ್ಚುತ್ತಾನೆ, ಕೂಸು ಚೀರುತ್ತದೆ. ಅಜ್ಜಿ ಓಡಿ ಬಂದು ಅವನನ್ನು ಎತ್ತಿಕೊಂಡು ಹೋಗಿ, ಗಲಾಟೆ ಬೇಡವೆಂದು ಕೈಗೆ ಮೊಬೈಲ್ ಕೊಡುತ್ತಾರೆ. ಸಂಜೆ ತಂದೆ ಬಂದ ಮೇಲೆ ವಿಷಯ ತಿಳಿದು ಎರಡು ಏಟು ಬೀಳುತ್ತದೆ. ಬೆಳಗಿನ ಕಡಿತಕ್ಕೂ ಸಂಜೆಯ ಏಟಿಗೂ ಸಂಬಂಧವನ್ನು ಮೂರು ವರ್ಷದ ಮಗು ಕಲ್ಪಿಸಿಕೊಳ್ಳಲಾರದು. ಕಡಿತಕ್ಕೂ ಮೊಬೈಲಿಗೂ ಇರುವ ಸಂಬಂಧವೋ ಕಣ್ಣಿಗೆ ಕಟ್ಟಿದಂತಿದೆ. ಮನೆಯವರಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮಗೆ ತೋಚಿದ ಒಳ್ಳೆಯದನ್ನೇ ಮಾಡುತ್ತಿದ್ದರು.

ಏಟಿನ ವಿಷಯ ಬಂದುದರಿಂದ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ತಂದೆಯೊಬ್ಬರು “ಎರಡು ಬಿಗಿಯಬಹುದೇ?” ಎಂದು ಕೇಳಿದಾಗ, ನಾವೂ ಏಟು ತಿಂದೇ ಬೆಳೆದವರಲ್ಲವೇ ಎಂದು ನಕ್ಕು ಒಪ್ಪಿಗೆ ಕೊಟ್ಟಿದ್ದೆವು. ಕೆಲವು ತಿಂಗಳ ಅನಂತರ ಆ ಬಾಲಕ ಮತ್ತೆ ಬಂದಾಗ ಆತನ ತಂದೆ ಕಿಸೆಯಿಂದ ಚೀಟಿ ತೆಗೆಯಲು ಕೈಯೆತ್ತಿದರು. ಹುಡುಗ ಎರಡೂ ಕೈಗಳಿಂದ ಕಿವಿ ಕೆನ್ನೆಗಳನ್ನು ಮುಚ್ಚಿಕೊಂಡು ಕುಗ್ಗಿದ. ಅವನು ಹೊಡೆಯುವುದನ್ನು ಬಿಟ್ಟಿದ್ದಾನೆಯೇ ಎಂದು ಕೇಳಿದೆವು. ಮನೆಯಲ್ಲಿ ಬಿಟ್ಟಿದ್ದಾನೆ, ಶಾಲೆಯಲ್ಲಿ ಹೆಚ್ಚಾಗಿದೆ ಎಂದು ಉತ್ತರ ಬಂತು. 2016ರಲ್ಲಿ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಯ್ಲರ್ ಎಂಬ ಅಮೆರಿಕದ ಸಂಶೋಧಕರು ಹಿಂದಿನ 75 ಅಧ್ಯಯನಗಳನ್ನು, ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಒಗ್ಗೂಡಿಸಿ ನೋಡಿದರು. ಶಿಸ್ತಿಗಾಗಿ ಕೊಡುವ ಸಾಮಾನ್ಯ ಏಟು ಕೂಡ ಮಗುವಿನ ಆಕ್ರಮಣಶೀಲತೆ ಕಡಿಮೆಯಾಗುವುದರೊಂದಿಗಲ್ಲ, ಹೆಚ್ಚಾಗುವುದರೊಂದಿಗೆ ಸೇರಿಕೊಂಡಿರುವುದು ಅವರಿಗೆ ಕಂಡಿತು. ನಮ್ಮ ದೇಶದಲ್ಲಿ ಶಾಲೆಯೊಳಗಿನ ಏಟನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ. ಮನೆಯ ಹೊಸ್ತಿಲೊಳಗಿನ ಏಟು ಇಂದಿಗೂ ಸಲಿಗೆಯ ವಿಷಯವಾಗಿಯೇ ಉಳಿದಿದೆ.

ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನಡೆಯುವ ಎರಡು ರೂಢಿಗಳ ಬಗೆಗೂ ಒಂದು ಮಾತು. ಮಗು ಎಡವಿ ಬಿದ್ದಾಗ “ನೆಲ ಹೊಡೀತಾ? ಇರು, ಅದಕ್ಕೆ ಎರಡು ಕೊಡೋಣ” ಎಂದು ನೆಲಕ್ಕೆ ಬಡಿದು ಸಮಾಧಾನ ಮಾಡುತ್ತೇವೆ. ಹತ್ತು ತಿಂಗಳ ಕೂಸಿನ ಮುಂದೆ ಅಜ್ಜ ಕೆನ್ನೆಯೊಡ್ಡಿ “ಹೊಡಿ, ಅಜ್ಜನಿಗೆ ಹೊಡಿ” ಎನ್ನುತ್ತಾನೆ. ಏಟು ಬಿದ್ದಾಗ ಮನೆಯೆಲ್ಲ ನಗುತ್ತದೆ. ಕೂಸಿಗೆ ನಗುವಿಗಿಂತ ದೊಡ್ಡ ಬಹುಮಾನವಿಲ್ಲ. ಅದೇ ಕೂಸು ಎರಡೂವರೆ ವರ್ಷದವನಾಗಿ ಬಂದ ಅತಿಥಿಯ ಕೆನ್ನೆಗೆ ಬಾರಿಸಿದಾಗ ಮನೆಮಂದಿ ಬೆಚ್ಚಿಬೀಳುತ್ತಾರೆ. ಇವು ಮಹಾಪರಾಧಗಳೇನೂ ಅಲ್ಲ. ಆದರೆ ಬಿದ್ದ ನೋವಿಗೆ ಯಾರನ್ನಾದರೂ ಹೊಡೆಯಬೇಕೆಂಬ ಪಾಠ ಅನಗತ್ಯವೆಂದು ನಮಗೆ ತೋರುತ್ತದೆ. ಬಿದ್ದ ಕಡೆ ಕೈಯಾಡಿಸಿ “ನೋವಾಯಿತಾ?” ಎಂದರೆ ಸಾಕು, ನೋವು ಎಂಬ ಪದವಾದರೂ ಮಗುವಿಗೆ ಬಂದಂತಾಯಿತು.

ಹಸಿವು, ನಿದ್ರೆ, ಕಿವಿ

ಮನಸ್ಸಿನ ಮಾತಾಡುತ್ತ ಶರೀರವನ್ನು ಮರೆಯಬಾರದು. 1931ರಲ್ಲಿಯೇ ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ ಎಂಬ ವಿದುಷಿ ತಾಯಂದಿರಿಂದ ಮಕ್ಕಳ ಸಿಟ್ಟಿನ ದಿನಚರಿ ಬರೆಸಿದ್ದರು. ಊಟದ ಹೊತ್ತಿಗೆ ಮುಂಚೆ ಸಿಟ್ಟು ಹೆಚ್ಚುವುದು, ನೆಗಡಿಯಂತಹ ಸಣ್ಣ ಕಾಯಿಲೆಯಲ್ಲಿ ಹೆಚ್ಚುವುದು ಆ ದಿನಚರಿಗಳಿಂದ ತಿಳಿದುಬಂದಿತು. ಇಂದಿಗೂ ನಾವು ತಾಯ್ತಂದೆಗಳಿಗೆ ಮೊದಲು ಕೊಡುವ ಸಲಹೆ ಇದೇ: ಒಂದು ವಾರ, ಹೊಡೆದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹನ್ನೊಂದೂವರೆ ಮತ್ತು ಸಂಜೆ ಆರರ ಸುತ್ತ ಗುರುತುಗಳು ಗುಂಪುಗೂಡಿದರೆ ಔಷಧ ಅಡುಗೆಮನೆಯಲ್ಲಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕು; ಪರದೆಯ ಮುಂದೆ ಕುಳಿತಿರುವುದು ಒಂದು ಗಂಟೆಯನ್ನು ಮೀರಬಾರದು. ದೊಡ್ಡವರ ಧಾರಾವಾಹಿ ಮುಗಿದ ಮೇಲೆ ಮಲಗುವ ಮಗುವಿಗೆ ಇಷ್ಟು ನಿದ್ರೆ ಎಲ್ಲಿಂದ ಬರಬೇಕು?

ಕಿವಿಯ ವಿಷಯ ಇನ್ನೂ ಮುಖ್ಯ. ಪದೇ ಪದೇ ಕಿವಿ ಸೋರುವ, ಸದಾ ನೆಗಡಿಯಿರುವ ಮಕ್ಕಳಲ್ಲಿ ಕೆಲವರಿಗೆ ಕೇಳುವಿಕೆ ಮಂದವಾಗಿರುತ್ತದೆ. ಕೇಳದವನಿಗೆ ಮಾತು ತಡವಾಗುತ್ತದೆ. ಮಾತಿಲ್ಲದವನ ಕೈ ಮುಂದಾಗುತ್ತದೆ. “ಹೇಳಿದ ಮಾತು ಕೇಳುವುದಿಲ್ಲ” ಎಂಬ ದೂರನ್ನು ಹೊತ್ತು ಬರುವ ಮಗುವಿನ ಕಿವಿಯನ್ನು ಪರೀಕ್ಷಿಸದೆ ನಾವು ಕಳುಹಿಸುವುದಿಲ್ಲ. ಆ ದೂರು ಕೆಲವೊಮ್ಮೆ ಅಕ್ಷರಶಃ ನಿಜವಾಗಿರುತ್ತದೆ.

ಒಡನಾಡಿಗಳು

ಇನ್ನು ನೆರೆಯವರ ಮಾತು: ಅಂಗನವಾಡಿಯಲ್ಲಿ ಕಲಿತದ್ದು ಎಂಬುದು. ಇಲ್ಲಿಯೂ ಪ್ಯಾಟರ್ಸನ್ನರೇ ದಾರಿ ತೋರಿಸುತ್ತಾರೆ. 1967ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರೂ ಸಂಗಡಿಗರೂ ಶಿಶುವಿಹಾರದ ಮಕ್ಕಳ ಜಗಳಗಳನ್ನು ತಿಂಗಳುಗಟ್ಟಲೆ ಕುಳಿತು ದಾಖಲಿಸಿದರು. ಒಬ್ಬ ಹೊಡೆದಾಗ ಎದುರಿನ ಮಗು ಅತ್ತು ಆಟಿಕೆ ಬಿಟ್ಟುಕೊಟ್ಟರೆ, ಹೊಡೆದವನು ಮುಂದಿನ ಬಾರಿ ಅದೇ ಮಗುವನ್ನು ಅದೇ ರೀತಿ ಹೊಡೆಯುವ ಸಂಭವ ಹೆಚ್ಚುತ್ತಿತ್ತು. ಹೊಡೆತಕ್ಕೆ ಫಲ ಸಿಗದಿದ್ದಾಗ, ಶಿಕ್ಷಕಿ ಬಂದು ತಡೆದಾಗಲೋ ಮಗುವೇ ಎದುರು ನಿಂತಾಗಲೋ, ಅವನು ಬೇರೆ ಉಪಾಯವನ್ನೋ ಬೇರೆ ಮಗುವನ್ನೋ ಹುಡುಕುತ್ತಿದ್ದನು. ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮೊದಮೊದಲು ಸಾಧುವಾಗಿದ್ದು, ಪದೇ ಪದೇ ಏಟು ತಿಂದು, ಕೊನೆಗೊಮ್ಮೆ ತಿರುಗಿ ಹೊಡೆದು ಗೆದ್ದ ಮಕ್ಕಳು ಅಲ್ಲಿಗೆ ನಿಲ್ಲಲಿಲ್ಲ; ಅವರೂ ತಾವಾಗಿಯೇ ಇತರರನ್ನು ಹೊಡೆಯತೊಡಗಿದರು.

“ಅತ್ತುಕೊಂಡು ಬರಬೇಡ, ನೀನೂ ಎರಡು ಕೊಟ್ಟು ಬಾ” ಎಂದು ಮಗನನ್ನು ಮತ್ತೆ ಬೀದಿಗೆ ಅಟ್ಟುವ ತಂದೆಯ ಕಾಳಜಿ ನಮಗೆ ಅರ್ಥವಾಗುತ್ತದೆ. ಮಗು ಹೆದರುಪುಕ್ಕಲನಾಗಬಾರದು, ಸರಿಯೇ. ಹಾಗೆಂದು ಸುಮ್ಮನೆ ಏಟು ತಿನ್ನಿರೆಂದು ಮಕ್ಕಳಿಗೆ ಹೇಳುವುದು ಕೂಡ ಕ್ರೌರ್ಯವೇ. ಸುಮ್ಮನೆ ತಿಂದರೆ ಹೊಡೆಯುವವನಿಗೆ ಫಲ ಸಿಗುತ್ತಲೇ ಇರುತ್ತದೆ. ಈ ಎರಡರ ನಡುವಿನ ಹಾದಿಯೆಂದರೆ ಗೆಲುವು ಹೊಡೆತಕ್ಕೆ ಸಿಗದಂತೆ ದೊಡ್ಡವರು ನೋಡಿಕೊಳ್ಳುವುದು. ಕಸಿದುಕೊಂಡ ಆಟಿಕೆ ಕಸಿದವನ ಕೈಯಲ್ಲಿ ಉಳಿಯಬಾರದು. ದೊಡ್ಡವರು ಮೊದಲು ಹೋಗಬೇಕಾದ್ದು ಏಟು ತಿಂದ ಮಗುವಿನ ಬಳಿಗೆ. ಹೊಡೆದವನ ಸುತ್ತ ನಾಲ್ವರು ನಿಂತು ಉಪದೇಶ ಮಾಡಿದರೆ ಅವನಿಗೆ ಅದೊಂದು ಸಭೆಯೇ ಆಗಿಬಿಡುತ್ತದೆ. ಏಟು ತಿಂದ ಮಗುವಿಗೆ “ಬೇಡ, ಇದು ನನ್ನದು” ಎಂದು ಗಟ್ಟಿಯಾಗಿ ಹೇಳಲು, ದೊಡ್ಡವರನ್ನು ಕರೆಯಲು ಕಲಿಸಬೇಕು. ಕರೆದಾಗ ಬರಬೇಕು. ಕರೆದರೂ ಯಾರೂ ಬಾರದ ಅನುಭವವಾದ ಮಗುವೇ ಒಂದು ದಿನ ಕಲ್ಲನ್ನೆತ್ತುವುದು.

ಎಲ್ಲ ಕುಸ್ತಿಯೂ ಜಗಳವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹುಡುಗರು ಒಬ್ಬರ ಮೇಲೊಬ್ಬರು ಉರುಳಾಡುವಾಗ ಮುಖ ನೋಡಿ. ನಗುತ್ತಿದ್ದರೆ, ಕೆಳಗೆ ಬಿದ್ದವನು ಆಮೇಲೆ ಮೇಲೇರುತ್ತಿದ್ದರೆ, ಮುಗಿದ ಮೇಲೂ ಜೊತೆಯಲ್ಲಿಯೇ ಉಳಿದರೆ ಅದು ಆಟ. ಆ ಆಟದಲ್ಲಿಯೇ ಎಷ್ಟು ಜೋರಾಗಿ ಹಿಡಿದರೆ ಗೆಳೆಯನಿಗೆ ನೋವಾಗುತ್ತದೆ ಎಂಬ ಅಳತೆ ಕೈಗೆ ಬರುತ್ತದೆ. ಅದನ್ನು ತಡೆಯಬೇಕಾಗಿಲ್ಲ. ಮುಖ ಬಿಗಿದುಕೊಂಡು, ಒಬ್ಬನೇ ಸದಾ ಕೆಳಗಿದ್ದು, ಮುಗಿದ ಮೇಲೆ ದೂರ ಹೋದರೆ ಅದು ಜಗಳ.

ಹಾಗಾದರೆ ಮಗುವನ್ನು ಒಡನಾಡಿಗಳಿಂದ ದೂರವಿಡುವುದೇ ಕ್ಷೇಮವೇ? ಹಾಗೇನೂ ಇಲ್ಲ. ಕ್ವಿಬೆಕ್ಕಿನ ಮಕ್ಕಳ ಬಗೆಗೇ ಸಿಲ್ವಾನಾ ಕೋಟೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಓದಿರದ ತಾಯಂದಿರ ಮಕ್ಕಳು ಮನೆಯ ಹೊರಗಿನ ಆರೈಕೆಗೆ ಬೇಗನೆ ಸೇರಿದ್ದರೆ, ಅವರಲ್ಲಿ ಹೊಡೆತದ ಸಮಸ್ಯೆ ಕಡಿಮೆಯೇ ಕಂಡಿತು. ಹತ್ತು ಮಕ್ಕಳ ನಡುವೆ ಕುಳಿತು ಸರದಿ ಕಾಯುವುದನ್ನು ಕಲಿಸಲು ಒಂದೇ ಮಗುವಿರುವ ಮನೆಯಿಂದ ಆಗದು. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಇತ್ತು. ಅಂದಿನಿಂದ ಅಂಗನವಾಡಿಯೆಂದರೆ ಪೌಷ್ಟಿಕ ಆಹಾರದ ಕೇಂದ್ರ ಎಂದೇ ನಾವು ಕಂಡಿದ್ದೇವೆ. ಅದು ಮೂರರಿಂದ ಆರರ ಮಕ್ಕಳು, ಅಂದರೆ ಹೊಡೆತ ಇಳಿಯಬೇಕಾದ ವಯಸ್ಸಿನವರೇ, ದಿನವೂ ಕೂಡುವ ಜಾಗವೂ ಹೌದು. ಭಕ್ತಾದಿಗಳು ಅಂಗನವಾಡಿಗೆ ಆಟಿಕೆ ಕೊಡುವ ಮನಸ್ಸು ಮಾಡಿದರೆ ನಮ್ಮದೊಂದು ಬಿನ್ನಹವಿದೆ. ಬಗೆಬಗೆಯ ಹತ್ತು ಆಟಿಕೆಗಳಿಗಿಂತ ಒಂದೇ ಬಗೆಯ ಐದು ಚೆಂಡುಗಳನ್ನು ಕೊಡಿ. ಮಕ್ಕಳ ಜಗಳ ಬಹುಪಾಲು ಒಂದೇ ಇರುವ ವಸ್ತುವಿಗಾಗಿ.

ಆ ಹುಡುಗನ ಮನೆಯಲ್ಲಿ

ಮೊದಲು ಹೇಳಿದ ತಾಯಿಗೆ ನಾವು ಔಷಧ ಬರೆದುಕೊಡಲಿಲ್ಲ. ಮುಂದಿನ ಭೇಟಿಗೆ ಅಜ್ಜಿಯನ್ನೂ ತಂದೆಯನ್ನೂ ಕರೆದುಕೊಂಡು ಬರಲು ಹೇಳಿದೆವು. ಮೂವರೂ ಕುಳಿತು ಮೂರು ವಿಷಯಗಳಿಗೆ ಒಪ್ಪಿಕೊಂಡರು. ಕೂಸಿಗೆ ಹಾಲುಣಿಸುವ ಹೊತ್ತಿಗೆ ಮುಂಚೆಯೇ ಅಜ್ಜಿ ಹುಡುಗನ ಕೈಗೆ ಏನಾದರೂ ತಿನ್ನಲು ಕೊಟ್ಟು ಜೊತೆಗೆ ಕೂರುವುದು; ಕಚ್ಚಿದ ಮೇಲೆ ಕೊಡುವುದಲ್ಲ. ಕಚ್ಚಿದರೆ ತಾಯಿ ಅವನ ಕೈ ಹಿಡಿದು, ಕಣ್ಣು ನೋಡಿ, “ಕಚ್ಚಬಾರದು, ನೋವಾಗುತ್ತದೆ” ಎಂದು ಒಂದೇ ಮಾತು ಹೇಳಿ ಕೂಸನ್ನು ಎತ್ತಿಕೊಂಡು ಎರಡು ನಿಮಿಷ ದೂರ ಸರಿಯುವುದು. ಮೊಬೈಲ್ ಇಲ್ಲ, ಏಟೂ ಇಲ್ಲ. ಮೂರನೆಯದು ತಂದೆಯ ಪಾಲಿಗೆ ಬಂತು: ಸಂಜೆ ಬಂದೊಡನೆ ದೂರು ಕೇಳುವ ಬದಲು ಕಾಲು ಗಂಟೆ ಅವನೊಡನೆ ಆಡುವುದು. ಒಪ್ಪಲು ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡವರು ತಂದೆಯೇ. ತಪ್ಪು ಮಾಡಿದವನಿಗೆ ಆಟದ ಬಹುಮಾನವೇ ಎಂದು ಕೇಳಿದರು. ಅದು ತಪ್ಪಿಗೆ ಕೊಡುವುದಲ್ಲ, ತಪ್ಪು ಮಾಡಲಿ ಬಿಡಲಿ ದಿನವೂ ಕೊಡುವುದು ಎಂದು ವಿವರಿಸಬೇಕಾಯಿತು.

ಮೊದಲ ವಾರ ಕಚ್ಚುವುದು ಹೆಚ್ಚಾಯಿತು. ಹೀಗಾಗುವುದುಂಟೆಂದು ಮುಂಚಿತವಾಗಿ ಹೇಳಿದ್ದರಿಂದ ಅವರು ಕೈಬಿಡಲಿಲ್ಲ. ಇದುವರೆಗೆ ಫಲ ಕೊಡುತ್ತಿದ್ದ ಉಪಾಯ ನಿಂತಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸಿ ನೋಡುತ್ತದೆ. ಬಹಳ ಮನೆಗಳು ಸೋಲುವುದು ಈ ವಾರದಲ್ಲಿಯೇ. ದೀಪಾವಳಿಯ ಹೊತ್ತಿಗೆ ಕಚ್ಚುವುದು ಬಹುಮಟ್ಟಿಗೆ ನಿಂತಿತ್ತು. ತಳ್ಳಾಟ ನಿಂತಿರಲಿಲ್ಲ, ಈಗಲೂ ಪೂರ್ತಿ ನಿಂತಿಲ್ಲ. ಅಂಗನವಾಡಿ ಕಾರ್ಯಕರ್ತೆ ಅವನನ್ನು ಸಾಲಿನಲ್ಲಿ ತನ್ನ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದಾರಂತೆ.

ತಡವಾದರೆ ಏನೂ ಮಾಡಲಾಗದೇ ಎಂದು ದೊಡ್ಡ ಮಕ್ಕಳ ತಾಯ್ತಂದೆಗಳು ಕೇಳಬಹುದು. ಮಾಂಟ್ರಿಯಲ್ಲಿನ ಆ 1984ರ ಬಾಲಕರಲ್ಲಿಯೇ ಹೆಚ್ಚು ತಂಟೆಕೋರರಾಗಿದ್ದ ಕೆಲವರಿಗೆ ಏಳರಿಂದ ಒಂಬತ್ತು ವರ್ಷದವರೆಗೆ, ಎರಡು ವರ್ಷ ಕಾಲ, ಮನೆಯಲ್ಲಿ ತಾಯ್ತಂದೆಗಳಿಗೆ ತರಬೇತಿಯನ್ನೂ ಶಾಲೆಯಲ್ಲಿ ಸೌಮ್ಯರಾದ ಸಹಪಾಠಿಗಳೊಡನೆ ಸೇರಿಸಿ ಒಡನಾಟದ ಪಾಠವನ್ನೂ ಕೊಡಲಾಗಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನೋಡಿದಾಗ, ಅಂತಹ ನೆರವು ಸಿಗದ ಬಾಲಕರಿಗಿಂತ ಇವರಲ್ಲಿ ಪ್ರೌಢಶಿಕ್ಷಣ ಮುಗಿಸಿದವರು ಹೆಚ್ಚಾಗಿದ್ದರು. ಸೌಮ್ಯ ಮಕ್ಕಳ ನಡುವೆ ಒಬ್ಬಿಬ್ಬರು ಒರಟರನ್ನು ಕೂರಿಸಿದ್ದು ಆ ಯೋಜನೆಯ ಜಾಣತನವೆಂದು ನಮ್ಮ ಭಾವನೆ. ತಂಟೆಕೋರರನ್ನೆಲ್ಲ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂರಿಸುವ ನಮ್ಮ ಶಾಲೆಗಳ ಪದ್ಧತಿ ಇದಕ್ಕೆ ನೇರ ವಿರುದ್ಧವಾದುದು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳೂ ಇವೆ. ಎರಡು ವರ್ಷವಾದರೂ ಎರಡು ಪದಗಳನ್ನು ಜೋಡಿಸಿ ಆಡದ ಮಗು, ಬಂದ ಮಾತು ಹೋದ ಮಗು, ಕರೆದರೆ ತಿರುಗಿ ನೋಡದ ಮಗು ಹೊಡೆಯುತ್ತಿದ್ದರೆ ಕಾಯದೆ ತೋರಿಸಿ. ಐದು ವರ್ಷ ದಾಟಿದ ಮೇಲೂ ಹೊಡೆತ ಇಳಿಯದೆ ಏರುತ್ತಿದ್ದರೆ, ಗಾಯವಾಗುವಷ್ಟು ಹೊಡೆದರೆ, ನಾಯಿ ಬೆಕ್ಕುಗಳನ್ನು ಹಿಂಸಿಸಿ ಸುಖಪಟ್ಟರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೋ ಮನೋವೈದ್ಯರ ಬಳಿಗೋ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮಗುವಿನ ಮೇಲೆ ಕೈಯೆತ್ತದೆ ಇರಲಾಗುತ್ತಿಲ್ಲ, ಎತ್ತಿದ ಮೇಲೆ ಅಳು ಬರುತ್ತದೆ ಎನ್ನುವ ತಾಯಂದಿರು ನಮ್ಮ ಬಳಿಗೆ ಬರುತ್ತಾರೆ. ಹೆರಿಗೆಯಾದ ಮೊದಲ ವರ್ಷದಲ್ಲಿ ಇದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಅಂತಹವರು, ಅಂತೆಯೇ ತಂದೆಯರು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಾದ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕರೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.